ಖಾಲಿ ಸಭಾಂಗಣಕ್ಕೆ ಕಿವಿಗೊಟ್ಟ ಅಕ್ಕ

ಸಂಗೀತದ ಬಗ್ಗೆ ಬರೆಯುವವರಿಗೆ ಕೊರತೆಯಿಲ್ಲ. ಹಾಡಿದವರ ಬಗ್ಗೆ ಬರೆಯುತ್ತಾರೆ, ನುಡಿಸಿದವರ ಬಗ್ಗೆ ಬರೆಯುತ್ತಾರೆ, ಹಾಡಿದವರು ತೊಟ್ಟ ಅಂಗಿಯ ಬಗ್ಗೆಯೂ ಬರೆಯುತ್ತಾರೆ. ಆದರೆ ಆ ಹಾಡು ವೇದಿಕೆಯಿಂದ ಹೊರಟು ಕೊನೆಯ ಸಾಲಿನ ಕುರ್ಚಿಯವರೆಗೆ ದಾರಿ ತಪ್ಪದೆ ತಲುಪಿದ್ದು ಯಾರ ದೆಸೆಯಿಂದ ಎಂದು ವಿಚಾರಿಸಿದವರನ್ನು ನಾವು ಕಂಡದ್ದು ಕಡಿಮೆ. ಊರೂರು ಸುತ್ತುವ ರಾಕ್ ಬ್ಯಾಂಡಿನ ಸೌಂಡ್ ಎಂಜಿನಿಯರ್ ಎಂದರೆ, ಎಲ್ಲವೂ ಸರಿಯಿದ್ದಾಗ ಯಾರಿಗೂ ನೆನಪಾಗದ, ಮೈಕು ಒಮ್ಮೆ ಕೀಚೆಂದರೆ ಇಡೀ ಸಭೆ ಕತ್ತು ತಿರುಗಿಸಿ ದುರುಗುಟ್ಟುವ ಜೀವ. ಇಂಥ ಹುದ್ದೆಯಲ್ಲಿ ಮೂರು ದಶಕಗಳಿಗೂ ಮೇಲ್ಪಟ್ಟು ನಿಂತು, ಒಮ್ಮೆಯೂ ಮುಖ ಗಂಟಿಕ್ಕದೆ, ನಮ್ಮ ಕಸುಬಿಗೆ ಒಂದು ಘನತೆಯನ್ನು ತಂದುಕೊಟ್ಟು ಈ ವರ್ಷ ನಿವೃತ್ತರಾದ ಅಕ್ಕನವರಿಗೆ ಈ ಸಂಪುಟ ಅರ್ಪಿತವಾಗುತ್ತಿರುವುದು ಸರ್ವಥಾ ಯೋಗ್ಯವಾದುದು.

ಅವರ ಬಗ್ಗೆ ಬರೆಯಲು ಬೆಳಕಿನವರಾದ ನಮಗೆ ಏನು ಅಧಿಕಾರ ಎಂದು ಶಬ್ದದವರು ಕೇಳಿಯಾರು. ಶಬ್ದದವರಿಗೂ ಬೆಳಕಿನವರಿಗೂ ಹಾವು ಮುಂಗುಸಿಯ ನಂಟು ಎಂಬುದು ಲೋಕವಿದಿತ. ಸ್ಪೀಕರಿನಲ್ಲಿ ಗುಂಯ್ ಎಂದರೆ ನಮ್ಮ ದೀಪದ ತಂತಿಯದ್ದೇ ತಪ್ಪು, ದೀಪ ಮಿನುಗಿದರೆ ಅವರು ಕದ್ದ ಕರೆಂಟಿನದ್ದೇ ತಪ್ಪು. ಆದರೂ ಸಭೆಯ ನಟ್ಟನಡುವೆ ಕಬ್ಬಿಣದ ಬೇಲಿ ಹಾಕಿದ ಪುಟ್ಟ ಚೌಕದೊಳಗೆ ಅವರ ಮೇಜು ನಮ್ಮ ಮೇಜು ಒಂದಕ್ಕೊಂದು ತಾಗಿಯೇ ಇರುತ್ತವೆ. ಒಂದೇ ಫ್ಲಾಸ್ಕಿನ ಚಹಾ ಹಂಚಿಕೊಂಡು ಅಷ್ಟು ವರ್ಷ ಪಕ್ಕದಲ್ಲಿ ಕೂತವರಿಗೆ ಗೊತ್ತಾಗುವಷ್ಟು, ಮನೆಯವರಿಗೂ ಗೊತ್ತಾಗುವುದಿಲ್ಲವೆಂದು ನಮ್ಮ ನಂಬಿಕೆ.

ಅಕ್ಕನ ತಂದೆ ರೇಡಿಯೋ ರಿಪೇರಿಯವರು. ಮನೆಯ ಮುಂಗೋಣೆಯೇ ಅಂಗಡಿ. ಹೊಟ್ಟೆ ಬಿಚ್ಚಿಕೊಂಡ ರೇಡಿಯೋಗಳ ನಡುವೆ ಅಕ್ಕ ಬರೆಯುವುದಕ್ಕೆ ಮೊದಲು ಬೆಸುಗೆ ಹಾಕುವುದನ್ನು ಕಲಿತರು. ತಾಯಿ ಬೇಗ ತೀರಿಕೊಂಡರು. ಆಗಿನ್ನೂ ಕೈಗೂಸಾಗಿದ್ದ ತಮ್ಮನನ್ನು ಸಾಕುವ ಭಾರ ಅಕ್ಕನ ಹೆಗಲೇರಿತು. ಅತ್ತರೆ ಎತ್ತಿಕೊಂಡು ರೇಡಿಯೋದ ಹತ್ತಿರ ಕೂರಿಸಿದರೆ ಸುಮ್ಮನಾಗುತ್ತಿತ್ತಂತೆ ಮಗು. ಅದೇ ಮಗು ಮುಂದೆ ಬೆಳೆದು ಗಡ್ಡ ಬಿಟ್ಟು, ಹೆಸರು ಹೇಳಿದರೆ ಜನ ಮುಗಿಬೀಳುವಂಥ ರಾಕ್ ಹಾಡುಗಾರನಾಯಿತು. ಅಭಿಮಾನಿಗಳಿಗೆ ಅವರು ಏನೇ ಇರಲಿ, ಅಕ್ಕನ ಬಾಯಲ್ಲಿ ಎಂದೂ ‘ಅವನು’; ಇಲ್ಲಿಯೂ ಹಾಗೆಯೇ ಬರೆಯುತ್ತೇವೆ, ಅಭಿಮಾನಿಗಳು ಕ್ಷಮಿಸಬೇಕು.

ಅಕ್ಕ ಮೊದಲು ಕೆಲಸಕ್ಕೆ ಸೇರಿದ್ದು ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ. ಮದುವೆ, ಶಾಲೆಯ ವಾರ್ಷಿಕೋತ್ಸವ, ಚುನಾವಣಾ ಭಾಷಣ ಎಲ್ಲಕ್ಕೂ ಹೋದರು. ಭಾಷಣಕಾರರ ಉಗುಳಿನಿಂದ ಮೈಕನ್ನು ಕಾಪಾಡುವ ವಿದ್ಯೆ ಅಲ್ಲಿಯೇ ಕೈಗೂಡಿದ್ದೆಂದು ಅವರೇ ನಗುತ್ತ ಹೇಳುತ್ತಿದ್ದರು. ಆ ಹೊತ್ತಿಗೆ ಅವರ ತಮ್ಮ ತನ್ನ ಗೆಳೆಯರ ಜೊತೆ ಯಾರದೋ ಗ್ಯಾರೇಜಿನಲ್ಲಿ ಬ್ಯಾಂಡು ಕಟ್ಟಿದ್ದ. ಮೊದಲ ಕಾರ್ಯಕ್ರಮದಲ್ಲಿ ಡ್ರಮ್ಮಿನ ಸದ್ದಿಗೆ ಅವನ ದನಿ ಮುಳುಗಿ, ಜನ ಅವನ ಬಾಯಿ ಅಲ್ಲಾಡಿದ್ದನ್ನಷ್ಟೇ ಕಂಡು ಮನೆಗೆ ಹೋದರು. ಮರುದಿನ ಬೆಳಿಗ್ಗೆ ಅವನು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತು, ನೀನು ಬರದಿದ್ದರೆ ನಾವು ಕಿರುಚಿದ್ದಷ್ಟೇ ಲಾಭ ಎಂದು ಗೋಗರೆದ. ಅಕ್ಕ ಹೊರಟರು. ಎಲ್ಲರೂ ಅವರನ್ನು ಅಕ್ಕ ಎನ್ನತೊಡಗಿದ್ದು ಆಗಿನಿಂದಲೇ. ಸಂಘಟಕರು, ಲಾರಿ ಚಾಲಕರು, ಅವರಿಗಿಂತ ಹಿರಿಯರಾದ ನಾವೂ ಹಾಗೆಯೇ ಕರೆದೆವು. ಬೇರೆ ಬ್ಯಾಂಡುಗಳೂ ಅವರನ್ನು ಕೈಮುಗಿದು ಕರೆಸಿಕೊಂಡವು, ದೂರದೂರದ ಸಭಾಂಗಣಗಳು ಅವರ ಕೈಗೆ ಬಂದವು, ಆದರೆ ತಮ್ಮನ ಪ್ರವಾಸ ಶುರುವಾಯಿತೆಂದರೆ ಮಿಕ್ಕದ್ದೆಲ್ಲ ಬದಿಗೆ.

ಅಕ್ಕ ಮದುವೆಯಾದದ್ದು ಬೇಕರಿಯವರನ್ನು. ಅವರು ನಸುಕಿನಲ್ಲಿ ಒಲೆ ಹಚ್ಚಲು ಹೊರಡುವಾಗ ಇವರು ಕೆಲಸ ಮುಗಿಸಿ ಬರುತ್ತಿದ್ದರಾಗಿ, ಸಂಸಾರವೆಲ್ಲ ಹೊಸ್ತಿಲ ಮೇಲೆಯೇ ನಡೆಯಿತೆಂದು ಬೇಕರಿಯವರು ತಮಾಷೆ ಮಾಡುತ್ತಾರೆ. ಜಗಳಕ್ಕೆ ಸಮಯ ಸಿಗದಿದ್ದರಿಂದ ಸಂಸಾರ ಉಳಿಯಿತು ಎಂದೂ ಸೇರಿಸುತ್ತಾರೆ.

ಅಕ್ಕ ಮಾಡಿದ ಉಪಕಾರಗಳನ್ನು ಬರೆಯುತ್ತ ಹೋದರೆ ಸಂಪಾದಕರು ಕತ್ತರಿ ಹಿಡಿಯುತ್ತಾರೆ. ಆದರೂ ಎರಡು ಮೂರನ್ನು ಹೇಳದಿದ್ದರೆ ನಾವು ಕೃತಘ್ನರಾಗುತ್ತೇವೆ. ಸ್ಪೀಕರುಗಳ ಎದುರಿಗೇ ಸಂಜೆಯಿಡೀ ನಿಲ್ಲುವ ಕಾವಲುಗಾರರ ಕಿವಿಯ ಬಗ್ಗೆ ನಮ್ಮ ಕಸುಬಿನಲ್ಲಿ ಯಾರೂ ತಲೆ ಕೆಡಿಸಿಕೊಂಡವರಲ್ಲ. ಅಕ್ಕ ಚೀಲದ ತುಂಬ ಕಿವಿಬಿರಟೆ ಇಟ್ಟುಕೊಂಡು ತಾವೇ ಒಬ್ಬೊಬ್ಬರ ಬಳಿ ಹೋಗಿ ಕೊಟ್ಟು, ಅವರು ಹಾಕಿಕೊಂಡದ್ದನ್ನು ನೋಡಿಯೇ ಮೇಜಿಗೆ ಮರಳುತ್ತಿದ್ದರು. ಇನ್ನು, ಮುಖ್ಯ ಬ್ಯಾಂಡಿಗೆ ಮುಂಚೆ ಆ ಊರಿನ ಹೊಸ ಹುಡುಗರ ಬ್ಯಾಂಡು ನುಡಿಸುವಾಗ ಸದ್ದನ್ನು ಬೇಕೆಂದೇ ಅರ್ಧಕ್ಕೆ ಇಳಿಸಿಡುವುದು ಒಂದು ಹಳೆಯ ಕೆಟ್ಟ ವಾಡಿಕೆ; ಆಮೇಲೆ ಬರುವವರು ದೊಡ್ಡವರೆನಿಸಲಿ ಎಂದು. ಅಕ್ಕ ಅದಕ್ಕೆ ಎಂದೂ ಒಪ್ಪಲಿಲ್ಲ. ವ್ಯವಸ್ಥಾಪಕರು ಬಂದು ಹುಬ್ಬು ಗಂಟಿಕ್ಕಿದಾಗ, ದೊಡ್ಡವರಾಗಲು ಚಿಕ್ಕವರ ಬಾಯಿ ಮುಚ್ಚಿಸಬೇಕಾದರೆ ಅಂಥ ದೊಡ್ಡಸ್ತಿಕೆ ಯಾರಿಗೆ ಬೇಕು ಎಂದು ಕೇಳಿ, ಚಹಾ ಕೊಟ್ಟು ಕಳಿಸಿದರು. ಒಮ್ಮೆ ನಮ್ಮ ತಾಯಿಗೆ ಕಾಯಿಲೆಯೆಂದು ಕಾರ್ಯಕ್ರಮದ ನಡುವೆ ನಾವು ಎದ್ದು ಹೋಗಬೇಕಾಗಿ ಬಂದಾಗ, ಒಂದು ಕೈ ಶಬ್ದದ ಮೇಲೆ ಇನ್ನೊಂದು ಕೈ ಬೆಳಕಿನ ಮೇಲೆ ಇಟ್ಟುಕೊಂಡು ಎಲ್ಲವನ್ನೂ ನಡೆಸಿಕೊಟ್ಟರು. ಅವರಿಗೆ ಸಿಕ್ಕಿದ್ದು ನೀಲಿಯ ಗುಂಡಿ ಒಂದೇ. ಉಳಿದ ಹಾಡುಗಳೆಲ್ಲ ನೀಲಿಯಲ್ಲೇ ಮುಗಿದವು. ಮರುದಿನ ಪತ್ರಿಕೆಯಲ್ಲಿ ವಿಮರ್ಶಕರು ಬೆಳಕಿನ ಸಂಯಮವನ್ನು ಬಾಯ್ತುಂಬ ಹೊಗಳಿದ್ದರು. ನಾವು ಅಲ್ಲಿದ್ದಾಗ ಅಷ್ಟು ಹೊಗಳಿಕೆ ಎಂದೂ ಬಂದಿರಲಿಲ್ಲ.

ಮೈಮೇಲೆ ಜ್ವರವಿದ್ದರೂ ಬಂದು ಕೂರುತ್ತಿದ್ದರು. ಮನೆಯಲ್ಲಿರಬಾರದೇ ಎಂದರೆ, ಅಕ್ಕ ಸತ್ತರೆ ಅಮಾವಾಸ್ಯೆ ನಿಲ್ಲುತ್ತದೆಯೇ ಎಂಬ ಗಾದೆಯನ್ನು ತಮಗೇ ಅನ್ವಯಿಸಿಕೊಂಡು ನಕ್ಕುಬಿಡುತ್ತಿದ್ದರು.

ಇಷ್ಟನ್ನು ಬರೆದು, ಶುಭ ಹಾರೈಸಿ ಕೈಮುಗಿದರೆ ಲೇಖನ ಸಭ್ಯವಾಗಿ ಮುಗಿಯುತ್ತದೆ. ಆದರೆ ಅಕ್ಕನ ವೃತ್ತಿಜೀವನದ ಕೊನೆಯ ಭಾಗವನ್ನೆಲ್ಲ ಒಂದು ದುಃಖ ಆವರಿಸಿತ್ತು. ಅದನ್ನು ಮುಚ್ಚಿಟ್ಟು ಬರೆದರೆ ಅವರ ಅರ್ಧ ಬಾಳನ್ನು ಮುಚ್ಚಿಟ್ಟಂತೆ. ಬರೆಯುವ ಮುನ್ನ ಅವರನ್ನು ಕೇಳಿಯೇ ಬರೆಯುತ್ತಿದ್ದೇವೆ. ‘ಬರೀರಿ, ಈಗೇನಂತೆ’ ಎಂದು ಒಪ್ಪಿಗೆ ಕೊಟ್ಟಿದ್ದಾರೆ.

ತಮ್ಮನ ಅತ್ಯಂತ ಹೆಸರಾದ ಹಾಡಿನಲ್ಲಿ ಒಂದು ಸಾಲಿದೆ. ಅಲ್ಲಿ ದನಿ ಮೆಟ್ಟಿಲೇರಿದಂತೆ ಏರಿ, ತುತ್ತತುದಿಯ ಒಂದು ಸ್ವರದ ಮೇಲೆ ನಿಲ್ಲಬೇಕು. ಇಪ್ಪತ್ತರ ವಯಸ್ಸಿನಲ್ಲಿ ಅವನು ಅದನ್ನು ನೀರು ಕುಡಿದಷ್ಟು ಸುಲಭವಾಗಿ ಹಾಡುತ್ತಿದ್ದ. ವಯಸ್ಸು ಯಾರಪ್ಪನ ಮನೆ ಆಳೂ ಅಲ್ಲವಲ್ಲ. ಊರೂರಿನ ಧೂಳು, ನಿದ್ದೆಗೇಡು, ದಿನ ಬಿಟ್ಟು ದಿನ ಕೂಗಾಟ ಎಲ್ಲ ಸೇರಿ ಆ ಸ್ವರ ಮೊದಲು ತೆಳುವಾಯಿತು, ಆಮೇಲೆ ಒಡೆಯತೊಡಗಿತು. ಇದು ಮೊಟ್ಟಮೊದಲು ತಿಳಿದದ್ದು ಅಕ್ಕನ ಕಿವಿಗೆ. ಅವರು ಯಾರಿಗೂ ಹೇಳಲಿಲ್ಲ. ಆ ಸಾಲು ಬಂದಾಗ ಗಿಟಾರನ್ನು ಒಂದು ಎಳೆ ಮೇಲೆತ್ತಿ, ಜನರ ಕಡೆಗೆ ತಿರುಗಿಸಿಟ್ಟ ಮೈಕುಗಳನ್ನು ತೆರೆದು, ಸಾವಿರಾರು ಜನ ಜೊತೆಗೂಡಿ ಹಾಡುವುದನ್ನು ಅದರೊಳಕ್ಕೆ ತುಂಬಿ, ತಮ್ಮನ ಒಡಕನ್ನು ಮರೆಮಾಡತೊಡಗಿದರು. ಪಕ್ಕದಲ್ಲಿ ಕೂತ ನಮಗೇ ಅದು ತಿಳಿದದ್ದು ಬಹಳ ತಡವಾಗಿ. ಮಗು ಬಿದ್ದಾಗ ಯಾರೂ ನೋಡದಂತೆ ಸೆರಗು ಮರೆ ಮಾಡುವ ತಾಯಿಯ ಕೆಲಸ ಅದು.

ಈಗ ಒಂದು ಗುಂಡಿಯ ವಿಷಯ ಹೇಳಬೇಕು. ಸೌಂಡ್ ಎಂಜಿನಿಯರರ ಮೇಜಿನ ಮೇಲೆ ಒಂದು ಚಿಕ್ಕ ಮೈಕು, ಅದಕ್ಕೊಂದು ಗುಂಡಿ ಇರುತ್ತದೆ. ಒತ್ತಿ ಮಾತನಾಡಿದರೆ ಆ ಮಾತು ಸಭೆಗೆ ಕೇಳಿಸದೆ ನೇರವಾಗಿ ಹಾಡುಗಾರನ ಕಿವಿಯೊಳಗೆ ಸಿಕ್ಕಿಸಿದ ಪುಟ್ಟ ಸ್ಪೀಕರಿಗೆ ಹೋಗುತ್ತದೆ. ಅಕ್ಕನ ಸ್ವಂತ ಮೇಜಿನಲ್ಲಿ ಆ ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಕೆಲಸ ಮಾಡುತ್ತಿತ್ತು. ಆ ಒಂದು ಊರಿನಲ್ಲಿ ಲಾರಿ ಕೆಟ್ಟು, ಸಭಾಂಗಣದವರದ್ದೇ ಮೇಜನ್ನು ಎರವಲು ಪಡೆದಿದ್ದರು. ಅದರ ಗುಂಡಿ ಬೇರೆ ಜಾತಿಯದು: ಒಮ್ಮೆ ಒತ್ತಿದರೆ, ಇನ್ನೊಮ್ಮೆ ಒತ್ತುವವರೆಗೆ ತೆರೆದೇ ಇರುತ್ತದೆ. ಸಂಜೆ ಯಾವುದೋ ಹಾಡಿನ ಮುಂಚೆ ತಮ್ಮನಿಗೆ ಒಂದು ಮಾತು ಹೇಳಿ, ಅಭ್ಯಾಸಬಲದಿಂದ ಅಕ್ಕ ಬೆರಳೆತ್ತಿದರು.

ಆ ಸಭಾಂಗಣದ ಸೌಂಡಿನವರು ಪಕ್ಕಕ್ಕೆ ಬಂದು, ಈ ವಯಸ್ಸಿನಲ್ಲೂ ನಿಮ್ಮ ತಮ್ಮನವರ ಆ ಸ್ವರ ಹೇಗೆ ಅಷ್ಟು ತುಂಬಿ ಬರುತ್ತದೆ ಎಂದು ಬಾಯಿಬಿಟ್ಟು ಮೆಚ್ಚಿದರು. ಕಸುಬಿನ ಗುಟ್ಟನ್ನು ಕೇಳಿದವರಿಗೆ ಇಲ್ಲವೆನ್ನುವ ಜಾಯಮಾನ ಅಕ್ಕನದಲ್ಲ.

‘ಆ ಸ್ವರ ಈಗ ಅವನ ಗಂಟಲಲ್ಲಿಲ್ಲ. ಜನ ಹಾಡ್ತಾರಲ್ಲ, ಅದನ್ನ ತುಂಬಿ ಮುಚ್ತೀನಿ ಅಷ್ಟೇ. ಪಾಪ, ಅವನಿಗೇ ಗೊತ್ತಿಲ್ಲ.’

ವೇದಿಕೆಯ ಮೇಲೆ ತಮ್ಮ ಒಂದು ಕ್ಷಣ ಸಾಲು ಬಿಟ್ಟ. ತಲೆಯೆತ್ತಿ, ಅಷ್ಟು ಜನರ ತಲೆಗಳ ಮೇಲಿಂದ, ನೇರ ನಮ್ಮ ಚೌಕದ ಕಡೆಗೆ ನೋಡಿದ. ಕರ್ಮಕ್ಕೆ, ಆ ಗಳಿಗೆಯಲ್ಲಿ ನಾವು ಅವನ ಮುಖಕ್ಕೆ ಬಿಳಿಯ ದೀಪ ಬಿಟ್ಟಿದ್ದೆವು. ಅಕ್ಕ ಆ ಮುಖವನ್ನು ಪೂರ್ತಿ ಕಂಡರು. ಆಮೇಲೆ ಕೆಳಗೆ ನೋಡಿದರೆ ಗುಂಡಿಯ ಪಕ್ಕದ ಕೆಂಪು ದೀಪ ಉರಿಯುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಶಾಲೆಯ ಗೋಡೆಯ ಮೇಲೆ ಬರೆಸುತ್ತಾರೆ. ಅದರ ತೂಕ ನಮಗೆ ಗೊತ್ತಾದದ್ದು ಆ ಸಂಜೆ.

ಕಾರ್ಯಕ್ರಮ ಮುಗಿದ ಮೇಲೆ ಅಕ್ಕ ಅವನ ಕೋಣೆಗೆ ಓಡಿದರು. ಬಾಗಿಲು ಅರ್ಧ ತೆರೆಯಿತು. ಅವನು ಬಯ್ಯಲಿಲ್ಲ, ಕೂಗಲಿಲ್ಲ. ‘ಏನೂ ಆಗಿಲ್ಲ ಬಿಡು’ ಎಂದ. ಆ ಮಾತಿಗಿಂತ ಗಟ್ಟಿಯಾದ ಬೀಗ ಲೋಕದಲ್ಲಿಲ್ಲ. ಮರುದಿನ, ಅಕ್ಕನ ಮೇಜಿನಿಂದ ತನ್ನ ಕಿವಿಗೆ ಬರುವ ತಂತಿಯನ್ನು ತೆಗೆಸಿಬಿಟ್ಟ.

ಆಗಿನಿಂದ ಅಕ್ಕ ತಮ್ಮನ ನಡುವಿನ ಮಾತೆಲ್ಲ ಮೂರನೆಯವರ ಮೂಲಕ ನಡೆಯಿತು. ವೇದಿಕೆಯ ಪಕ್ಕದಲ್ಲಿ ಇನ್ನೊಂದು ಮೇಜಿಟ್ಟುಕೊಂಡು, ನುಡಿಸುವವರ ಕಿವಿಗಷ್ಟೇ ಬೇಕಾದ ಸದ್ದನ್ನು ಹದ ಮಾಡಿಕೊಡುವ ಎಂಜಿನಿಯರರೊಬ್ಬರು ನಮ್ಮ ತಂಡದಲ್ಲಿದ್ದಾರೆ. ಅಕ್ಕ ಹೇಳಿದ್ದನ್ನು ತಮ್ಮನಿಗೂ ತಮ್ಮ ಹೇಳಿದ್ದನ್ನು ಅಕ್ಕನಿಗೂ ಮುಟ್ಟಿಸುವ ಕೆಲಸ ಅವರ ಪಾಲಿಗೆ ಬಂತು. ನಾವೆಲ್ಲ ಅವರನ್ನು ರಾಯಭಾರಿ ಎಂದು ಕರೆಯತೊಡಗಿದೆವು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಹಾಗೆ ನಡೆದುಕೊಂಡು ಅವರ ತಲೆಗೂದಲು ಅಕಾಲದಲ್ಲಿ ಉದುರಿತು.

ಅಕ್ಕನನ್ನು ಒಳಗೊಳಗೇ ಕೊರೆದದ್ದು ಏನೆಂದರೆ, ತಮ್ಮ ಅವರನ್ನು ಕೆಲಸದಿಂದ ತೆಗೆಯಲೂ ಇಲ್ಲ. ತೆಗೆದಿದ್ದರೆ ಒಂದು ವಾರ ಅತ್ತು ಸುಮ್ಮನಾಗುತ್ತಿದ್ದೆ ಎಂದು ಒಮ್ಮೆ ಹೇಳಿದರು. ಹೊಸ ಪ್ರವಾಸದ ತಯಾರಿ ನಡೆದಾಗಲೆಲ್ಲ ಸಂಘಟಕರು ಎಂಜಿನಿಯರ್ ಯಾರೆಂದು ಕೇಳಿದರೆ, ಅದನ್ನೂ ಕೇಳಬೇಕೆ ಎಂಬಂತೆ ಅವನು ಅಕ್ಕನ ಹೆಸರನ್ನೇ ಹೇಳುತ್ತಿದ್ದ. ಬಸ್ಸಿನಲ್ಲಿ ಮಾತ್ರ ಮುಂದಿನ ಸೀಟು ಅವನದು, ಹಿಂದಿನದು ಇವರದು. ಊಟದ ಕೋಣೆಗೆ ಇವರು ಬಂದರೆ ಅವನು ಕೈತೊಳೆಯಲು ಏಳುತ್ತಿದ್ದ. ಚಳಿಗೆಂದು ಅಕ್ಕ ಹೆಣೆದ ಮಫ್ಲರನ್ನು ರಾಯಭಾರಿಯ ಕೈಲಿ ಕಳಿಸಿದರೆ, ಅದನ್ನು ಸುತ್ತಿಕೊಂಡೇ ಓಡಾಡುತ್ತಿದ್ದ. ಆದರೆ ಯಾರು ಕೊಟ್ಟರೆಂದು ಕೇಳಲಿಲ್ಲ. ಅಕ್ಕ ದೂರದಿಂದ ಆ ಮಫ್ಲರನ್ನು ನೋಡುತ್ತ ಕೂತಿದ್ದನ್ನು ನಾವು ಎಷ್ಟೋ ಸಲ ಕಂಡಿದ್ದೇವೆ.

ಮತ್ತು ಆ ಸ್ವರ. ಬ್ಯಾಂಡಿನವರು ಹಾಡಿನ ಶ್ರುತಿಯನ್ನು ಎರಡು ಮೆಟ್ಟಿಲು ಕೆಳಗಿಳಿಸಿ ಹಾಡೋಣ ಎಂದು ಮೆಲ್ಲಗೆ ಹೇಳಿನೋಡಿದರು. ತಮ್ಮ ಜಪ್ಪಯ್ಯ ಎನ್ನಲಿಲ್ಲ. ಪ್ರತಿ ಸಂಜೆ ಹಳೆಯ ಎತ್ತರದಲ್ಲೇ ಹಾಡಿ, ಪ್ರತಿ ಸಂಜೆ ದನಿ ಒಡೆಸಿಕೊಂಡ. ಪ್ರತಿ ಸಂಜೆ ಅಕ್ಕ ಅದನ್ನು ಮುಚ್ಚಿದರು. ಒಬ್ಬರಿಗೊಬ್ಬರು ಮಾತನಾಡದ ಅಕ್ಕ ತಮ್ಮ ಆ ಒಂದು ಸಾಲಿನಲ್ಲಿ ಮಾತ್ರ ದಿನವೂ ಜಗಳವಾಡುತ್ತಿದ್ದರು, ಜನ ಚಪ್ಪಾಳೆ ತಟ್ಟುತ್ತಿದ್ದರು.

ಅಷ್ಟರಲ್ಲಿ ಹೊಸ ಯಂತ್ರಗಳು ಬಂದವು. ಹಿಂದಿನ ಸಂಜೆಯ ಕಾರ್ಯಕ್ರಮದಲ್ಲಿ ಒಂದೊಂದು ವಾದ್ಯವನ್ನೂ ಒಂದೊಂದು ಕಂಠವನ್ನೂ ಬೇರೆಬೇರೆಯಾಗಿ ಮುದ್ರಿಸಿಕೊಂಡು, ಮರುದಿನ ಮಧ್ಯಾಹ್ನ ಹೊಸ ಊರಿನ ಖಾಲಿ ಸಭಾಂಗಣದಲ್ಲಿ ಅದನ್ನೇ ನುಡಿಸಿ ಸದ್ದಿನ ಹದ ನೋಡಿಕೊಳ್ಳುವ ಅನುಕೂಲ ಈಗ ನಮ್ಮ ಕಸುಬಿನಲ್ಲಿದೆ. ನುಡಿಸುವವರು ಅತ್ತ ಮಲಗಿದ್ದರೂ ಇತ್ತ ಅವರ ನಿನ್ನೆಯ ಸಂಗೀತ ಇಡೀ ಸಭಾಂಗಣವನ್ನು ತುಂಬುತ್ತದೆ. ಈ ಮುದ್ರಣಕ್ಕೆ ಒಂದು ವಿಶೇಷವಿದೆ. ಹಾಡಿನ ನಡುವಿನ ಬಿಡುವಿನಲ್ಲಿ ಎಂಜಿನಿಯರ್ ಹಾಡುಗಾರನ ಮೈಕನ್ನು ಸಭೆಗೆ ಕೇಳದಂತೆ ಮುಚ್ಚುತ್ತಾರಷ್ಟೆ, ಮುದ್ರಣ ಮುಚ್ಚುವುದಿಲ್ಲ. ಜನರಿಗೆ ಕೇಳಿಸದ್ದೂ ಅದರಲ್ಲಿ ಉಳಿದಿರುತ್ತದೆ.

ಮಧ್ಯಾಹ್ನ ಹದ ನೋಡುವ ಕೆಲಸವೆಲ್ಲ ಮುಗಿದ ಮೇಲೆ ಅಕ್ಕ ಮೇಜಿನ ಮೇಲಿನ ಮಿಕ್ಕ ಎಲ್ಲವನ್ನೂ ಮುಚ್ಚಿ, ತಮ್ಮನ ಕಂಠವೊಂದನ್ನೇ ತೆರೆದಿಡುತ್ತಿದ್ದರು. ಡ್ರಮ್ಮಿಲ್ಲ, ಗಿಟಾರಿಲ್ಲ. ಸಾಲುಸಾಲು ಖಾಲಿ ಕುರ್ಚಿಗಳು, ಬಾಗಿಲ ಬಳಿ ಕಸ ಗುಡಿಸುವವರ ಪೊರಕೆ, ನಡುವೆ ಅಷ್ಟು ದೊಡ್ಡ ಸ್ಪೀಕರುಗಳಿಂದ ಒಬ್ಬನೇ ಹಾಡುವ ದನಿ. ಹಾಡು ಮುಗಿದರೆ ಅವನ ಏದುಸಿರು, ನೀರು ಗುಟುಕರಿಸುವ ಸದ್ದು, ಡ್ರಮ್ಮಿನವನ ಜೊತೆ ಏನೋ ಹೇಳಿ ಕಿಸಕ್ಕೆಂದ ನಗೆ. ತಮ್ಮನಿಗೆ ನೆಗಡಿಯಾದದ್ದು, ನಿದ್ದೆ ಕೆಟ್ಟದ್ದು, ಸಿಗರೇಟು ಮತ್ತೆ ಶುರುಮಾಡಿದ್ದು ಎಲ್ಲವನ್ನೂ ಅಕ್ಕ ಹೀಗೆಯೇ ತಿಳಿದರು. ಮುಖ ಕೊಟ್ಟು ಮಾತನಾಡದ ಒಡಹುಟ್ಟಿದವನ ಉಸಿರನ್ನು ಅಷ್ಟು ಹತ್ತಿರದಿಂದ ಕೇಳುವುದು ಭಾಗ್ಯವೋ ಶಿಕ್ಷೆಯೋ ನಮಗೆ ಹೇಳಲಾಗದು. ಎರಡೂ ಇದ್ದಿರಬೇಕು. ಆ ಹೊತ್ತಿನಲ್ಲಿ ನಾವು ಯಾರೂ ಅವರ ಹತ್ತಿರ ಹೋಗುತ್ತಿರಲಿಲ್ಲ.

ಅಕ್ಕ ಹೀಗೆ ಕೇಳುತ್ತಾರೆಂಬುದು ತಮ್ಮನಿಗೂ ಗೊತ್ತಿತ್ತು; ತಂಡದಲ್ಲಿ ಯಾರಿಗೆ ಗೊತ್ತಿರಲಿಲ್ಲ? ಒಂದು ದಿನವಾದರೂ ಆ ಬಿಡುವಿನಲ್ಲಿ ಅಕ್ಕಾ ಎಂದಾನು ಎಂದು ಅವರು ಕಾದರು. ಮಳೆಗಾಲ ಹೋಗಿ ಚಳಿ ಬಂತು, ಪ್ರವಾಸದ ಮೇಲೆ ಪ್ರವಾಸ ಮುಗಿದವು. ಅವನು ಹೇಳಲಿಲ್ಲ.

ಕೊನೆಗೆ ಮಂಡಿ ನೋವು ಹೆಚ್ಚಾಗಿ, ಬೇಕರಿಯವರೂ ಒಲೆಯನ್ನು ಬೇರೆಯವರಿಗೆ ವಹಿಸಿಕೊಟ್ಟದ್ದರಿಂದ, ಅಕ್ಕ ನಿವೃತ್ತಿಯ ನಿರ್ಧಾರ ಮಾಡಿದರು. ಮೇಜನ್ನು ರಾಯಭಾರಿಗೇ ಒಪ್ಪಿಸುವುದೆಂದಾಯಿತು. ಸುದ್ದಿಯನ್ನು ತಮ್ಮನಿಗೆ ಮುಟ್ಟಿಸಿದ್ದೂ ಅವರೇ. ಏನಂದ ಎಂದು ಅಕ್ಕ ಕೇಳಿದಾಗ, ‘ಸರಿ ಅಂದ’ ಎಂದರು. ಬೇರೇನೂ ಅನ್ನಲಿಲ್ಲವೇ ಎಂದು ಅಕ್ಕ ಮತ್ತೆ ಕೇಳಿದರು. ಅನ್ನಲಿಲ್ಲ. ಆ ಒಂದು ‘ಸರಿ’ಯನ್ನು ಅಕ್ಕ ಎಷ್ಟೋ ದಿನ ಹಿಂದುಮುಂದು ಮಾಡಿ ನೋಡಿದರು. ಮಾತಾಡದೆ ಇದ್ದುದನ್ನು ತಡೆದುಕೊಂಡೆ, ಮಾತಾಡದೆ ಹೊರಟುಬಿಡುವುದು ಹೇಗೆ ಎಂದು ಒಮ್ಮೆ ನಮ್ಮೊಡನೆ ಅಂದರು. ನಾವು ಫ್ಲಾಸ್ಕಿನಲ್ಲಿ ಉಳಿದಿದ್ದ ಚಹಾ ಬಗ್ಗಿಸಿಕೊಟ್ಟೆವು.

ಅವರ ಕೊನೆಯ ಕಾರ್ಯಕ್ರಮದ ಸಂಜೆ ಆ ಹಾಡು ಎಂದಿನಂತೆ ಕಟ್ಟಕಡೆಯದಾಗಿ ಬಂತು. ಗಿಟಾರಿನ ಮೊದಲ ಮೀಟಿಗೇ ಅಕ್ಕ ಬೆಚ್ಚಿ ತಲೆಯೆತ್ತಿದರು. ಹಾಡು ಎರಡು ಮೆಟ್ಟಿಲು ಕೆಳಗಿಳಿದಿತ್ತು. ಬ್ಯಾಂಡಿನವರು ಅವರಿಗೆ ಗೊತ್ತಾಗದಂತೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದ್ದರಂತೆ. ಆ ಸಾಲು ಬಂತು. ಅಕ್ಕನ ಬೆರಳುಗಳು ರೂಢಿಯಂತೆ ಗಿಟಾರಿನ ಗುಂಡಿಯ ಮೇಲೆ, ಜನರ ಮೈಕಿನ ಗುಂಡಿಯ ಮೇಲೆ ಸಿದ್ಧವಾಗಿದ್ದವು. ಅವನು ಸ್ವರವನ್ನು ಮುಟ್ಟಿದ, ಅದರ ಮೇಲೆ ನಿಂತ, ಒಡೆಯಲಿಲ್ಲ. ಮುಚ್ಚುವುದಕ್ಕೆ ಏನೂ ಇರಲಿಲ್ಲ. ಅಕ್ಕ ಎರಡೂ ಕೈಗಳನ್ನು ಮೇಜಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡು, ಸಭೆಯಲ್ಲಿ ಕೂತ ಇನ್ನೊಬ್ಬರಂತೆ, ಆ ಸಾಲನ್ನು ಸುಮ್ಮನೆ ಕೇಳಿದರು. ಅವರ ಕೆನ್ನೆ ಒದ್ದೆಯಾಗಿತ್ತು. ನಮ್ಮ ಕೈಯೂ ಸ್ವಲ್ಪ ತಡವಾಯಿತೆಂದು, ಆ ಹಾಡಿನ ಕೊನೆಯಲ್ಲಿ ದೀಪ ಆರಬೇಕಾದ ಹೊತ್ತಿಗೆ ಆರಲಿಲ್ಲವೆಂದು ಆಮೇಲೆ ವ್ಯವಸ್ಥಾಪಕರಿಂದ ಬೈಸಿಕೊಂಡೆವು.

ಹಾಡು ಮುಗಿಯಿತು. ಅಕ್ಕ ತಮ್ಮನ ಮೈಕನ್ನು ಮುಚ್ಚಿದರು. ಚಪ್ಪಾಳೆಯ ನಡುವೆ ಅವನು ಮೈಕಿನ ಕಂಬಕ್ಕೆ ಹಣೆ ಆನಿಸಿ ತುಸು ಹೊತ್ತು ಬಗ್ಗಿ ನಿಂತಿದ್ದ. ದಣಿದಿದ್ದಾನೆ ಎಂದುಕೊಂಡೆವು. ಆಮೇಲೆ ಒಳಗೆ ಹೋದ. ಪೆಟ್ಟಿಗೆಗಳೆಲ್ಲ ಲಾರಿ ಹತ್ತುವವರೆಗೂ ಅಕ್ಕ ಖಾಲಿಯಾದ ಚೌಕದಲ್ಲಿ ಕೂತು ಅವನ ದಾರಿ ಕಾದರು. ಹಾಡು ಇಳಿಸಿದವನು ಎರಡು ಹೆಜ್ಜೆ ಇಳಿದು ಬರಲಾರನೇ ಎಂದು ನಮಗೆ ಸಿಟ್ಟೇ ಬಂತು. ಅವನು ಬರಲಿಲ್ಲ. ತಂಡದವರು ಹೂವು ಕೊಟ್ಟು ಅಕ್ಕನನ್ನು ರೈಲು ಹತ್ತಿಸಿದರು.

ಮುಂದಿನದನ್ನು ನಮಗೆ ಹೇಳಿದ್ದು ರಾಯಭಾರಿ. ಮರುದಿನ ಮಧ್ಯಾಹ್ನ ಇನ್ನೊಂದು ಊರಿನ ಸಭಾಂಗಣದಲ್ಲಿ ಅವರು ಮೊದಲ ಸಲ ಅಕ್ಕನ ಕುರ್ಚಿಯಲ್ಲಿ ಕೂತು ಹಿಂದಿನ ಸಂಜೆಯ ಮುದ್ರಣವನ್ನು ಹಾಕಿದರು. ಕೆಲಸ ಮುಗಿದ ಮೇಲೆ, ಅಕ್ಕನ ನೆನಪಾಗಿ, ಅವರಂತೆಯೇ ಮಿಕ್ಕ ಎಲ್ಲವನ್ನೂ ಮುಚ್ಚಿ ತಮ್ಮನ ಕಂಠವೊಂದನ್ನೇ ತೆರೆದರು. ಕಡೆಯ ಹಾಡು ಮುಗಿಯಿತು. ದೂರದಲ್ಲಿ ಚಪ್ಪಾಳೆ. ಏದುಸಿರು. ಆಮೇಲೆ ಖಾಲಿ ಸಭಾಂಗಣದ ತುಂಬ ಅವನ ದನಿ, ಹಾಡಿದ್ದಲ್ಲ, ಮೆಲ್ಲಗೆ ಆಡಿದ ಮಾತು:

‘ಅಕ್ಕಾ. ಅವತ್ತು ನೀನು ಹೇಳಿದ್ದು ಸುಳ್ಳಾಗಿದ್ರೆ ಅವತ್ತೇ ಜಗಳ ಆಡಿ ಮುಗಿಸ್ತಿದ್ದೆ. ನಿಜ ಆಗಿತ್ತಲ್ಲ, ಅದಕ್ಕೇ ಇಷ್ಟು ವರ್ಷ ಹಿಡೀತು. ನಾಳೆ ಮಧ್ಯಾಹ್ನ ಇದನ್ನ ಕೇಳ್ತೀಯಲ್ಲ, ಕೇಳಿದ ಮೇಲೆ ಮೇಜು ಬಿಟ್ಟು ಬಾ. ಒಟ್ಟಿಗೆ ಊಟ ಮಾಡೋಣ.’

ರಾಯಭಾರಿ ಕುರ್ಚಿಯಿಂದ ಎದ್ದವರು ಊಟದ ಕೋಣೆಗೆ ಓಡಿದರು. ಮಿಕ್ಕವರೆಲ್ಲ ಉಂಡು ಹೋಗಿದ್ದರು. ಮೂಲೆಯ ಮೇಜಿನಲ್ಲಿ ತಮ್ಮ ಒಬ್ಬನೇ ಕೂತಿದ್ದ. ಎದುರಿಗೆ ಎರಡು ತಟ್ಟೆ, ಎರಡೂ ಮುಚ್ಚಿಟ್ಟಿದ್ದವು. ಬಾಗಿಲು ಸದ್ದಾದದ್ದಕ್ಕೆ ತಲೆಯೆತ್ತಿ ರಾಯಭಾರಿಯನ್ನು ನೋಡಿದ, ಅವರ ಹಿಂದೆ ನೋಡಿದ.

‘ಅಕ್ಕ ಎಲ್ಲಿ?’

ಕೇಳಿದ ಮೇಲೆ ಅವನಿಗೆ ನೆನಪಾಯಿತು. ನಾಳೆಯ ಮಧ್ಯಾಹ್ನವೆಂದರೆ ಮೇಜಿನ ಹಿಂದೆ ಅಕ್ಕ ಇದ್ದೇ ಇರುತ್ತಾಳೆಂದು, ಹೋಗುವವಳಿಗೆ ಹೇಳಬೇಕಾದ ಮಾತನ್ನು ಹೋದ ಮೇಲಿನ ದಿನಕ್ಕೆ ಹೇಳಿಟ್ಟಿದ್ದ. ಬಾಳಿನಲ್ಲಿ ಅಕ್ಕನಿಲ್ಲದ ಮಧ್ಯಾಹ್ನವನ್ನು ಅವನು ಕಂಡಿದ್ದರೆ ತಾನೇ? ಅವನ ಮುಖವನ್ನು ನೋಡಲಾರದೆ ರಾಯಭಾರಿ ಗೋಡೆಯ ಕಡೆ ತಿರುಗಿದರಂತೆ. ಅಷ್ಟು ವರ್ಷ ಇಬ್ಬರ ನಡುವೆ ಮಾತು ಹೊತ್ತವರು ಆ ಹೊರೆಯನ್ನು ಅಲ್ಲಿಯೇ ಇಳಿಸಿದರು. ಫೋನು ತೆಗೆದು ಅಕ್ಕನ ಮನೆಗೆ ಹಚ್ಚಿ, ಅವನ ಕೈಗಿಟ್ಟು, ಹೊರಗೆ ಬಂದು ಬಾಗಿಲು ಎಳೆದುಕೊಂಡರು.

ಆ ಫೋನಿನ ವಿಷಯವನ್ನು ಅಕ್ಕನೇ ಹೇಳಿದ್ದಾರೆ. ಉಸಿರು ಕೇಳಿದ ಕೂಡಲೇ ಯಾರದೆಂದು ಅವರಿಗೆ ತಿಳಿಯಿತು.

‘ಊಟ ಆಯ್ತೇನೋ?’ ಎಂದು ಕೇಳಿದರು.

‘ಇಲ್ಲ. ನಿನಗೇ ಕಾಯ್ತಿದೀನಿ ಅಕ್ಕಾ.’

ಅಕ್ಕ ಇನ್ನೂ ಬಿಚ್ಚದಿದ್ದ ಚೀಲವನ್ನೇ ಮತ್ತೆ ಹೆಗಲಿಗೇರಿಸಿದರು. ಬೇಕರಿಯವರು ಮನೆಯ ಅಡುಗೆ ಒಲೆ ಆರಿಸಿ, ಎಲ್ಲಿಗೆ ಎಂದು ಕೇಳದೆ, ನಿಲ್ದಾಣದವರೆಗೆ ಬಂದು ರೈಲು ಹತ್ತಿಸಿದರು.

ಅಕ್ಕನವರು ಈಗ ಮನೆಯ ಮುಂಗೋಣೆಯಲ್ಲಿ, ಕಸುಬು ಕಲಿಯಬೇಕೆಂದು ಬರುವವರಿಗೆ ಪಾಠ ಹೇಳುತ್ತಿದ್ದಾರೆ. ಆ ಕೆಲಸ ಬಹುಕಾಲ ನಡೆಯಲಿ. ಅವರ ಕಿವಿಗಳು ಚುರುಕಾಗಿರಲಿ, ಮಂಡಿಗಳು ಸ್ವಲ್ಪ ದಯೆ ತೋರಲಿ. ಇಂಥ ಲೇಖನಗಳ ಕೊನೆಯಲ್ಲಿ ನೂರು ವರ್ಷ ಬಾಳಲಿ ಎಂದು ಹರಸುವುದು ರೂಢಿ. ನಮಗೆ ಅಷ್ಟು ಸಾಲದು. ಅಕ್ಕ ತಮ್ಮ ಮಾತನಾಡದೆ ಕಳೆದ ವರ್ಷಗಳಿವೆಯಲ್ಲ, ಅವನ್ನೂ ಆ ನೂರರ ಮೇಲೆ ಸೇರಿಸಿ ಅವರಿಬ್ಬರಿಗೂ ಕೊಡಬೇಕೆಂದು, ಕೊಡುವ ಕೈ ಯಾವುದಿದ್ದರೂ ಸರಿ, ಅದನ್ನು ಕೇಳಿಕೊಳ್ಳುತ್ತೇವೆ.